ಸೆಲ್ವಿನ್‌ನ ಎಪ್ಪತ್ತೊಂಬತ್ತು ಡಾಲರಿನ ಗಡಿಯಾರ

ರಾಟಾ ಫ್ಲಾಟ್ ಊರಿನ ಲೈಬ್ರರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದ ಸೆಲ್ವಿನ್ ಬಾರ್ಟ್ಲೆಟ್ ಆವರೆಗೆ ಹೊಡೆದ ಜಿಂಕೆಗಳೆಲ್ಲ ಪುಸ್ತಕದೊಳಗಿನವೇ. ಆದರೆ ಅವು ಲೆಕ್ಕವಿಲ್ಲದಷ್ಟು. ಬೇಟೆಯ ಪುಸ್ತಕ ಕೇಳಿಕೊಂಡು ಯಾರಾದರೂ ಬಂದರೆ ಕನ್ನಡಕವನ್ನು ಹಣೆಗೇರಿಸಿ, "ಗಾಳಿ ಎತ್ತ ಬೀಸುತ್ತೆ ಅನ್ನೋದೇ ಮುಖ್ಯ ಮಾರಾಯ. ನಾವೆಲ್ಲ ಕಲಿತಿದ್ದೇ ಹಾಗೆ" ಅನ್ನುತ್ತಿದ್ದ. ಆ "ನಾವೆಲ್ಲ" ಎಂಬುದರೊಳಗೆ ಯಾರ್ಯಾರಿದ್ದಾರೆ ಎಂದು ಯಾರೂ ಕೆದಕಲಿಲ್ಲ. ಆ ಊರಿನಲ್ಲಿ ಜಿಂಕೆಯ ಕೊಂಬಿನ ಅಳತೆ ಹೇಳುವಾಗ ಎಲ್ಲರೂ ಒಂದಿಷ್ಟು ಸೇರಿಸಿಯೇ ಹೇಳುವವರು. ಹಾಗಾಗಿ ಒಬ್ಬರನ್ನೊಬ್ಬರು ಹೆಚ್ಚು ಪ್ರಶ್ನಿಸುವ ಪದ್ಧತಿ ಇರಲಿಲ್ಲ.

ಎಡವಟ್ಟು ಶುರುವಾದದ್ದು ಮಾರ್ಚ್ ತಿಂಗಳ ಒಂದು ಭಾನುವಾರದ ಊಟದ ಮೇಜಿನಲ್ಲಿ. ಸೆಲ್ವಿನ್‌ನ ಹೆಂಡತಿ ನೊಯೆಲೀನ್‌ಗೆ ಗಾರ್ತ್ ಅಂತ ಒಬ್ಬ ಅಣ್ಣ. ಸೇತುವೆ ಕಟ್ಟುವ ಕೆಲಸದಿಂದ ನಿವೃತ್ತನಾದವನು, ಸೇತುವೆಯಷ್ಟೇ ಗಟ್ಟಿಯಾದವನು, ಮಾತಿನಲ್ಲಿ ಸೇತುವೆಗಿಂತ ಕಡಿಮೆ. ಗಂಡುಜಿಂಕೆಗಳು ಕೂಗುವ ಏಪ್ರಿಲ್ ಬಂತೆಂದರೆ ಪ್ರತಿ ವರ್ಷ ಕಾಡಿಗೆ ಹೋಗುವವನು. ಆ ವರ್ಷ ಅವನ ಜೊತೆಗಾರನಿಗೆ ಹರ್ನಿಯಾ ಆಪರೇಷನ್ ಆಗಿತ್ತು.

"ಒಬ್ಬನೇ ಹೋಗಬೇಡ ಅಣ್ಣ. ಸೆಲ್ವಿನ್ ಬರ್ತಾನೆ," ಅಂದಳು ನೊಯೆಲೀನ್, ಕುರಿಮಾಂಸ ಕೊಯ್ಯುತ್ತಾ.

ಗಾರ್ತ್ ಬಾಯಲ್ಲಿದ್ದ ಆಲೂಗಡ್ಡೆಯನ್ನು ನುಂಗುವುದೋ ಉಗುಳುವುದೋ ತಿಳಿಯದೆ ಒದ್ದಾಡಿದ. "ಇವನಾ?"

"ಯಾಕೆ, ಬರಬಾರದಾ?" ಎಂದು ಸೆಲ್ವಿನ್ ಎದೆ ಸೆಟೆದ. ಆಮೇಲೆ ಅವನಿಗೇ ಗಾಬರಿಯಾಯಿತು. ಬಾಯಿಂದ ಹೊರಟ ಮಾತು ಮೇಜಿನ ಮಧ್ಯೆ ಬಿದ್ದಿತ್ತು. ಎತ್ತಿಕೊಳ್ಳಲು ಆಗಲಿಲ್ಲ.

ಗಾರ್ತ್ ಎರಡೇ ಕಟ್ಟಳೆ ಹೇಳಿದ. "ಫೋನು ಮನೇಲಿ ಬಿಡಬೇಕು. ಅಲ್ಲಿ ಸಿಗ್ನಲ್ಲೂ ಇಲ್ಲ, ಫೋನ್ ನೋಡೋನು ಜಿಂಕೇನೂ ನೋಡಲ್ಲ. ಕೈಗೆ ಒಂದು ಒಳ್ಳೆ ಗಡಿಯಾರ ಕಟ್ಕೊಂಡು ಬಾ. ಕಾಡಲ್ಲಿ ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿ ಇರದಿದ್ರೆ ಮನುಷ್ಯ ಸಾಯ್ತಾನೆ. ತಿಳೀತಾ?"

ತಿಳಿಯಿತು. ತಿಳಿದದ್ದರಿಂದಲೇ ಸೆಲ್ವಿನ್‌ಗೆ ಎರಡು ದಿನ ಊಟ ಸೇರಲಿಲ್ಲ.

ಊರಿನ ಮುಖ್ಯ ಬೀದಿಯಲ್ಲಿ ಬೇಟೆ ಸಾಮಾನಿನ ಅಂಗಡಿ ಇಟ್ಟಿದ್ದವಳು ಮೆರಿಯಾನಾ. ಆ ದೇಶದ ಮೂಲನಿವಾಸಿಗಳಾದ ಮಾವೊರಿ ಜನರ ಪೈಕಿ, ಅರವತ್ತೈದು ದಾಟಿದ ಹೆಂಗಸು. ಊರಿಗೆಲ್ಲ ಆಂಟಿ. ಸೆಲ್ವಿನ್ ಒಳಗೆ ಕಾಲಿಡುವ ಹೊತ್ತಿಗೆ ಅಲ್ಲಿ ಇಬ್ಬರು ಗಡ್ಡದ ಬೇಟೆಗಾರರು ಗುಂಡುಗಳನ್ನು ಆರಿಸುತ್ತಾ ನಿಂತಿದ್ದರು. ಇಬ್ಬರೂ ಲೈಬ್ರರಿಯ ಸದಸ್ಯರು. ಅವನಿಗೆ ಬಾಗಿಲಲ್ಲೇ ಬೆವರು ಬಂತು.

"ಏನಪ್ಪಾ ಬೇಕಿತ್ತು?" ಅಂದಳು ಆಂಟಿ.

"ಒಂದು ಗಡಿಯಾರ. ಕಾಡಿಗೆ. ಹಳೇದು ಸವೆದುಹೋಯ್ತು." ಸುಳ್ಳು ತಾನಾಗಿಯೇ ಬಂತು.

ಗಾಜಿನ ಪೆಟ್ಟಿಗೆಯೊಳಗೆ ಎಲ್ಲಕ್ಕಿಂತ ದೊಡ್ಡದಾಗಿ, ಜಾಮಿನ ಬಾಟಲಿಯ ಮುಚ್ಚಳದಷ್ಟು ಅಗಲದ ಒಂದು ಗಡಿಯಾರವಿತ್ತು. ದಿಕ್ಕು ತೋರಿಸುತ್ತದೆ, ಎತ್ತರ ಹೇಳುತ್ತದೆ, ಎದೆ ಬಡಿತ ಎಣಿಸುತ್ತದೆ. ಬೆಲೆ ಆರುನೂರ ನಲವತ್ತು ಡಾಲರು. ಸೆಲ್ವಿನ್‌ನ ಕಣ್ಣು ಅಲ್ಲೇ ನೆಟ್ಟಿದ್ದನ್ನು ಆಂಟಿ ಕಂಡಳು.

"ಅದು ಬೇಡ. ಮೂರು ದಿನಕ್ಕೊಮ್ಮೆ ಚಾರ್ಜ್ ಕೇಳುತ್ತೆ. ಕಾಡಲ್ಲಿ ಯಾವ ಮರಕ್ಕೆ ಚುಚ್ತೀಯಾ?"

ಗಡ್ಡದವರಲ್ಲಿ ಒಬ್ಬ ನಕ್ಕ. ಸೆಲ್ವಿನ್ ತಾನೂ ನಕ್ಕ, ಇದು ತನಗೆ ಹಳೆಯ ಜೋಕು ಎಂಬಂತೆ.

"ಇದು ಹೇಗೆ?" ಎಂದು ಬೆಳ್ಳಗೆ ಹೊಳೆಯುವ ಉಕ್ಕಿನದೊಂದನ್ನು ತೋರಿಸಿದ.

"ಬಿಸಿಲಿಗೆ ಕನ್ನಡಿ ಹಿಡಿದಂಗೆ ಆಗುತ್ತೆ. ಎದುರು ಗುಡ್ಡದ ಜಿಂಕೆಗಳೆಲ್ಲ ನಿನಗೆ ಟಾಟಾ ಮಾಡಿ ಹೋಗ್ತವೆ."

"ಅಂಕಿ ತೋರಿಸೋದು?"

"ಗಂಟೆಗೊಂದು ಸಲ ಕೀಂಯ್ ಅನ್ನುತ್ತೆ. ಅದನ್ನ ನಿಲ್ಲಿಸೋದು ಹೇಗೆ ಅಂತ ಮಾಡಿದವನಿಗೂ ಗೊತ್ತಿಲ್ಲ." ಆಂಟಿ ಬಗ್ಗಿ ಕೆಳಗಿನ ಖಾನೆಯಿಂದ ಇನ್ನೊಂದನ್ನು ತೆಗೆದಳು. ಕಪ್ಪು ಮುಖ, ಮಾಸಿದ ಹಸಿರು ಬಟ್ಟೆಯ ಪಟ್ಟಿ, ಕತ್ತಲಲ್ಲಿ ಮಿನುಗುವ ಮುಳ್ಳು. ನೋಡಲು ಏನೂ ಇಲ್ಲ. "ಎಪ್ಪತ್ತೊಂಬತ್ತು ಡಾಲರು. ಸದ್ದಿಲ್ಲ, ಹೊಳಪಿಲ್ಲ, ಬ್ಯಾಟರಿ ಐದು ವರ್ಷ ಬರುತ್ತೆ. ಹೊಳೇಲಿ ಮುಳುಗಿದ್ರೂ ಒಳಗೆ ಒಂದು ಹನಿ ಹೋಗಲ್ಲ. ಪಟ್ಟಿ ಕಿತ್ತುಹೋದ್ರೆ ಹತ್ತು ಡಾಲರಿಗೆ ಇನ್ನೊಂದು. ನಮ್ಮ ಯಜಮಾನ್ರು ಇಂಥದ್ದನ್ನೇ ಹದಿನಾಲ್ಕು ವರ್ಷ ಕಟ್ಟಿದ್ರು. ಅವರು ಹೋದ್ರು, ಅದಿನ್ನೂ ನಡೀತಿದೆ."

ಇಷ್ಟಾದ ಮೇಲೆ ಬೇಡ ಅನ್ನುವಂತಿರಲಿಲ್ಲ. ಸೆಲ್ವಿನ್ ಕೈಗೆ ಕಟ್ಟಿಕೊಂಡ. ಆಂಟಿ ಅವನ ಮಣಿಕಟ್ಟು ಹಿಡಿದು ಬದಿಯಲ್ಲಿದ್ದ, ಮುಳ್ಳು ಸರಿಸುವ ಪುಟ್ಟ ಗುಬ್ಬಿಯ ಮೇಲೆ ಬೆರಳಿಟ್ಟಳು.

"ಇದೊಂದು ನೋಡ್ಕೊ. ಹೊತ್ತು ಬದಲಾಯಿಸಬೇಕಾದ್ರೆ ಮೊದಲು ಈ ಗುಬ್ಬೀನ…"

ಗಡ್ಡದವರಿಬ್ಬರೂ ತಲೆಯೆತ್ತಿ ಇತ್ತಲೇ ನೋಡುತ್ತಿದ್ದರು.

"ಗೊತ್ತು ಗೊತ್ತು ಆಂಟಿ!" ಎಂದು ಸೆಲ್ವಿನ್ ಕೈ ಎಳೆದುಕೊಂಡ. "ಇಂಥವನ್ನ ಎಷ್ಟು ಕಟ್ಟಿಲ್ಲ ನಾನು!"

"ಕಾಗದ ತಗೊಂಡು ಹೋಗು. ಅದರಲ್ಲಿ ಬರೆದಿದೆ."

"ಕಾಗದ ಹೊಸಬರಿಗೆ ಕೊಡಿ."

ಇಪ್ಪತ್ತೆರಡು ವರ್ಷ ಊರಿಗೆಲ್ಲ ಓದಿ ಓದಿ ಎಂದು ಹೇಳಿದ ಮನುಷ್ಯ ಜೀವನದಲ್ಲಿ ಓದಲೇಬೇಕಾಗಿದ್ದ ಒಂದೇ ಒಂದು ಹಾಳೆಯನ್ನು ಅಂಗಡಿಯ ಮೇಜಿನ ಮೇಲೆ ಬಿಟ್ಟು ಹೊರಗೆ ಬಂದ.

ಏಪ್ರಿಲ್ ಮೊದಲ ಶನಿವಾರ ಇಬ್ಬರೂ ಕಾಡಿಗೆ ಹೊರಟರು. ಹೊಳೆಯನ್ನು ಹನ್ನೊಂದು ಸಲ ದಾಟಿ, ಸಂಜೆ ಕಣಿವೆಯ ತುದಿಯ ತಗಡಿನ ಕಾಡುಮನೆ ಸೇರುವಷ್ಟರಲ್ಲಿ ಸೆಲ್ವಿನ್‌ನ ಎರಡೂ ಹಿಮ್ಮಡಿಯಲ್ಲಿ ಮೊಟ್ಟೆಯಷ್ಟು ಬೊಬ್ಬೆ. ಗಡಿಯಾರ ಮಾತ್ರ ಆಂಟಿ ಹೇಳಿದಂತೆಯೇ ಇತ್ತು. ಬಂಡೆಗೆ ಬಡಿಯಿತು, ನೀರಿನಲ್ಲಿ ಮುಳುಗಿತು, ಒಂದು ಸಲ ಇಡೀ ಸೆಲ್ವಿನ್ ಅದರ ಮೇಲೆಯೇ ಬಿದ್ದ. ಅದಕ್ಕೆ ಏನೂ ಆಗಲಿಲ್ಲ.

ಭಾನುವಾರ ಬೆಳಗ್ಗೆ ಗಾರ್ತ್ ಟೀ ಕುಡಿಯುತ್ತಾ ಕೇಳಿದ. "ಬೇಸಿಗೆಗೆ ಅಂತ ಗಡಿಯಾರ ಒಂದು ಗಂಟೆ ಮುಂದಿಟ್ಟಿದ್ದು ಮುಗೀತು. ನಿನ್ನೆ ರಾತ್ರಿ ದೇಶದ ಗಡಿಯಾರ ಎಲ್ಲ ಒಂದು ಗಂಟೆ ಹಿಂದೆ ಹೋಯ್ತು. ನಿಂದು ಸರಿ ಮಾಡ್ಕೊಂಡ್ಯಾ?"

"ಆಗಲೇ," ಅಂದ ಸೆಲ್ವಿನ್. ಮಾಡಿರಲಿಲ್ಲ.

"ಆ ಕಾಲಲ್ಲಿ ನೀನು ಎಲ್ಲಿಗೂ ಬರಬೇಡ. ಸಾರು ಮಾಡಿಡು. ನಾನು ಮೇಲಿನ ತೊರೆ ಕಡೆ ಹೋಗಿ ಐದಕ್ಕೆ ವಾಪಸ್ ಬರ್ತೀನಿ." ಗಾರ್ತ್ ಜೇಬಿನಿಂದ ಒಂದು ಪುಟ್ಟ ಹಳದಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಅಪಾಯದ ಬೀಕನ್. ಗುಂಡಿ ಒತ್ತಿದರೆ ಉಪಗ್ರಹಕ್ಕೆ ಸುದ್ದಿ ಹೋಗಿ ಹೆಲಿಕಾಪ್ಟರ್ ಬರುತ್ತದೆ. "ಇದು ನಿನ್ನ ಹತ್ರ ಇರಲಿ."

"ಕಾಡಿಗೆ ಹೋಗೋನು ನೀನು ಅಲ್ವಾ?"

"ಕಳೆದುಹೋಗೋನು ನೀನು. ಕಕ್ಕಸಿಗೆ ಹೋದ್ರೂ ಜೇಬಲ್ಲಿಟ್ಕೊ." ಗಾರ್ತ್ ಕೋವಿ ಹೆಗಲಿಗೇರಿಸಿದ. "ಐದಾದ್ರೂ ನಾನು ಬರದಿದ್ರೆ ಒತ್ತು. ಒಂದು ನಿಮಿಷ ಮೊದಲು ಒತ್ತಿದ್ಯೋ, ನಮ್ಮೂರಲ್ಲಿ ಕಾಲಿನ್ ಅಂತ ಇದ್ದಾನಲ್ಲ, ಅವನ ಗತಿ ನಿಂಗೂ. ಬೊಬ್ಬೆ ಎದ್ದಿದ್ದಕ್ಕೆ ಹೆಲಿಕಾಪ್ಟರ್ ಕರೆಸಿದ ಅಂತ ಹನ್ನೊಂದು ವರ್ಷದಿಂದ ಊರಲ್ಲಿ ಅವನನ್ನ 'ಹೆಲಿಕಾಪ್ಟರ್ ಕಾಲಿನ್' ಅಂತಾನೇ ಕರೀತಾರೆ. ಅವನ ಮಗಳ ಮದುವೇಲೂ ಹಾಗೇ ಕರೆದ್ರು. ಒಂದು ನಿಮಿಷ ತಡ ಮಾಡಿದ್ಯೋ, ಕತ್ತಲೆ ಬೀಳುತ್ತೆ, ನಾನು ಸಾಯ್ತೀನಿ. ಅಷ್ಟೇ."

ಅಷ್ಟೇ ಎಂದು ಹೇಳಿ ಅವನು ಹೊರಟುಹೋದ. ಸೆಲ್ವಿನ್ ತಕ್ಷಣ ಗಡಿಯಾರದ ಗುಬ್ಬಿಗೆ ಕೈ ಹಾಕಿದ. ಎಳೆದ, ಬರಲಿಲ್ಲ. ಉಗುರು ಹಾಕಿ ಎಳೆದ. ಉಗುರು ಮುರಿಯಿತು. ಹಲ್ಲು ಹಾಕಿದ, ಫೋರ್ಕು ಹಾಕಿದ, ಗಾರ್ತ್‌ನ ಇಕ್ಕಳ ಹುಡುಕಿ ತಂದು ಹಾಕಿದ. ನೀರು ಹೋಗದಂತೆ ಮಾಡಿದ ಗಡಿಯಾರ, ಯಜಮಾನನನ್ನೂ ಒಳಗೆ ಬಿಡಲಿಲ್ಲ. ಗುಬ್ಬಿಯನ್ನು ಮೊದಲು ತಿರುಪಿನಂತೆ ಎಡಕ್ಕೆ ತಿರುಗಿಸಿ ಸಡಿಲಿಸಬೇಕು, ಎಳೆಯುವುದು ಆಮೇಲೆ. ಇದು ಆ ಕಾಗದದ ಎರಡನೇ ಸಾಲಿನಲ್ಲೇ ಇತ್ತು.

"ಹಾಳಾಗಿ ಹೋಗಲಿ, ಒಂದು ಗಂಟೆ ತಾನೇ. ತಲೇಲಿಟ್ಕೊಂಡ್ರಾಯ್ತು," ಎಂದು ಸೆಲ್ವಿನ್ ಗಡಿಯಾರದ ವ್ಯತ್ಯಾಸವನ್ನು ತಲೆಯಲ್ಲಿಟ್ಟುಕೊಂಡ. ಅವನು ಸಾಮಾನು ಇಟ್ಟು ಮರೆಯುತ್ತಿದ್ದ ಜಾಗಗಳಲ್ಲೆಲ್ಲ ಅದೇ ಅತ್ಯಂತ ಅಪಾಯದ್ದು.

ಮಧ್ಯಾಹ್ನದವರೆಗೆ ಎಲ್ಲ ಸರಿಯಿತ್ತು. ಆಲೂಗಡ್ಡೆ ಸುಲಿದ, ನೊರಜು ಹೊಡೆದ. ಬಿಸಿಲು ಗುಡ್ಡದ ಹಿಂದೆ ಸರಿದು ಕಾಡುಮನೆಯ ಮೇಲೆ ನೆರಳು ಬಿದ್ದಾಗ ಗಡಿಯಾರ ನೋಡಿದ. ಮೂರೂವರೆ. ಅಂದರೆ ನಿಜವಾಗಿ ಎಷ್ಟು? ಕಳೆಯಬೇಕೋ, ಕೂಡಿಸಬೇಕೋ?

ಸೆಲ್ವಿನ್ ಮೇಜಿನ ಮೇಲೆ ಎರಡು ಆಲೂಗಡ್ಡೆ ಇಟ್ಟ. ಒಂದು ದೇಶದ ಗಡಿಯಾರ, ಇನ್ನೊಂದು ತನ್ನದು. ದೇಶದ್ದು ಹಿಂದೆ ಹೋಯಿತು ಎಂದು ಆ ಆಲೂಗಡ್ಡೆಯನ್ನು ಹಿಂದೆ ಸರಿಸಿದ. ತನ್ನದು ಸರಿಯಲಿಲ್ಲ. ಅಂದರೆ ತನ್ನದು ಮುಂದಿದೆ. ಕಳೆಯಬೇಕು. ಸಮಾಧಾನವಾಯಿತು. ಅಷ್ಟರಲ್ಲಿ ಒಲೆಯ ಮೇಲಿನ ಸಾರು ಉಕ್ಕಿತು. ಎದ್ದು ಮೇಜಿನ ಆಚೆ ಬದಿಗೆ ಹೋಗಿ ಪಾತ್ರೆ ಇಳಿಸಿ ತಿರುಗಿ ನೋಡಿದರೆ, ಆ ಬದಿಯಿಂದ ತನ್ನ ಆಲೂಗಡ್ಡೆಯೇ ಹಿಂದಿತ್ತು.

ಸೆಲ್ವಿನ್ ಮತ್ತೆ ಲೆಕ್ಕ ಹಾಕಿದ. ಹೌದಲ್ಲ! ಎಲ್ಲರೂ ಮಾಡಿದ ಬದಲಾವಣೆ ನಾನು ಮಾಡಿಲ್ಲ. ಅಂದರೆ ನಾನು ಹಿಂದೆ ಬಿದ್ದೆ. ಹಿಂದೆ ಬಿದ್ದ ಗಡಿಯಾರಕ್ಕೆ ಕೂಡಿಸಬೇಕಲ್ಲದೆ ಕಳೆಯುತ್ತಾರೆಯೇ? ಹಾಗಾದರೆ ಈಗ ನಾಲ್ಕೂವರೆ!

ಬಾಗಿಲಿಗೆ ಓಡಿದ. ಕಣಿವೆಯ ಮೇಲ್ಭಾಗದಲ್ಲಿ ಬಿಳಿಯ ಮೋಡ ಗುಡ್ಡದ ಭುಜ ಹಿಡಿದು ಇಳಿಯುತ್ತಿತ್ತು. ಗಾರ್ತ್‌ನ ಸುಳಿವಿಲ್ಲ.

"ಗಾರ್ತ್!" ಎಂದು ಕೂಗಿದ. ಹೊಳೆಯ ಸದ್ದಿನಲ್ಲಿ ಕೂಗು ಮುಳುಗಿತು. ಕೋವಿಯ ಸದ್ದೂ ಇಲ್ಲ, ಜಿಂಕೆಯ ಕೂಗೂ ಇಲ್ಲ.

ಮುಂದಿನ ಅರ್ಧ ಗಂಟೆ ಅವನು ಒಂದು ಕೈಯಲ್ಲಿ ಹಳದಿ ಡಬ್ಬಿ ಹಿಡಿದು, ಇನ್ನೊಂದು ಕೈಯ ಗಡಿಯಾರವನ್ನು ನೋಡುತ್ತಾ ಬೊಬ್ಬೆಯೆದ್ದ ಕಾಲಲ್ಲಿ ಕಾಡುಮನೆಯನ್ನು ಸುತ್ತಿದ. ಒಂದು ಸುತ್ತಿಗೆ ಹೆಲಿಕಾಪ್ಟರ್ ಕಾಲಿನ್‌ನ ಮಗಳ ಮದುವೆ ಕಣ್ಣಿಗೆ ಕಟ್ಟಿತು. ಮುಂದಿನ ಸುತ್ತಿಗೆ ನೊಯೆಲೀನ್ ಕಪ್ಪು ಉಡುಪಿನಲ್ಲಿ ನಿಂತು, "ನಮ್ಮಣ್ಣ ಸಾಯೋವಾಗ ನೀನೇನು ಮಾಡ್ತಿದ್ದೆ?" ಎಂದು ಕೇಳಿದಳು. "ಆಲೂಗಡ್ಡೆ ಜರುಗಿಸ್ತಿದ್ದೆ" ಎಂದು ಹೇಳುವಂತಿತ್ತೇ?

ಗಡಿಯಾರ ನಾಲ್ಕು ತೋರಿಸಿತು. ಅವನ ಲೆಕ್ಕದಲ್ಲಿ ಐದು. ಐದು ನಿಮಿಷ ಹೆಚ್ಚಿಗೆ ಕಾದ. ಆ ಐದು ನಿಮಿಷದಲ್ಲಿ ಭಾವನನ್ನು ಐದು ಸಲ ಕೊಂದೆ ಅನ್ನಿಸಿತು. ಕಣ್ಣು ಮುಚ್ಚಿ ಗುಂಡಿ ಒತ್ತಿಬಿಟ್ಟ.

ಮುಕ್ಕಾಲು ಗಂಟೆಯಲ್ಲಿ ಹೆಲಿಕಾಪ್ಟರ್ ಬಂದು ಹುಲ್ಲನ್ನೆಲ್ಲ ನೆಲಕ್ಕೆ ಮಲಗಿಸಿ ಇಳಿಯಿತು. ಕೆಂಪು ಹೆಲ್ಮೆಟ್ಟಿನವನೊಬ್ಬ ಬಗ್ಗಿ ಓಡಿ ಬಂದ.

"ಗಾಯ ಆಗಿರೋದು ಯಾರಿಗೆ?"

"ಗೊತ್ತಿಲ್ಲ. ಆಗಿದ್ರೆ ನಮ್ಮ ಭಾವನಿಗೆ."

"ಎಲ್ಲಿದ್ದಾರೆ?"

"ಅದೂ ಗೊತ್ತಿಲ್ಲ. ಮೇಲಿನ ತೊರೆ ಕಡೆ ಹೋದ."

"ಎಷ್ಟು ಹೊತ್ತಿಗೆ ಬರಬೇಕಿತ್ತು?"

"ಐದಕ್ಕೆ! ಸರಿಯಾಗಿ ಐದಕ್ಕೆ ಬರ್ತೀನಿ ಅಂದಿದ್ದ."

ಹೆಲ್ಮೆಟ್ಟಿನವನು ತನ್ನ ಗಡಿಯಾರ ನೋಡಿದ. ಸೆಲ್ವಿನ್‌ನ ಮುಖ ನೋಡಿದ. ಮತ್ತೆ ಗಡಿಯಾರ ನೋಡಿದ. "ಸರ್, ಈಗ ನಾಲ್ಕಕ್ಕೆ ಹತ್ತು ನಿಮಿಷ ಇದೆ."

ಸೆಲ್ವಿನ್‌ಗೆ ನೆಲ ಬಾಯಿ ಬಿಡಲಿ ಅನ್ನಿಸಿತು. ಎರಡು ಆಲೂಗಡ್ಡೆಗಳೂ ಕಣ್ಣ ಮುಂದೆ ಬಂದು ತಮ್ಮ ತಮ್ಮ ಸರಿಯಾದ ಜಾಗದಲ್ಲಿ ಕೂತವು. ಕಳೆಯಬೇಕಿತ್ತು. ಮೂರು ಗಂಟೆಗೆ ಒತ್ತಿದ್ದ. ಎರಡು ಗಂಟೆ ಮೊದಲು! ಕಾಲಿನ್‌ಗಾದರೂ ಬೊಬ್ಬೆಯ ನೆಪವಿತ್ತು.

"ನಾನು… ನನಗೆ…" ಎಂದು ತೊದಲಿದ.

ಹೆಲ್ಮೆಟ್ಟಿನವನು ಬಯ್ಯಲಿಲ್ಲ. ಮೇಲೆ ಮೋಡ ನೋಡಿದ. ಹೆಲಿಕಾಪ್ಟರಿನೊಳಗಿನ ಪೈಲಟ್ ಹೆಂಗಸಿನ ಕಡೆ ತಿರುಗಿ ಕೈಸನ್ನೆ ಮಾಡಿದ. "ಬಂದಿದ್ದೀವಲ್ಲ, ಒಂದು ಸುತ್ತು ಹಾಕಿ ಬರ್ತೀವಿ. ಆ ಮೋಡ ಇನ್ನರ್ಧ ಗಂಟೇಲಿ ಕಣಿವೆ ಮುಚ್ಚುತ್ತೆ. ಆಮೇಲೆ ನಾಳೆ ಬೆಳಗ್ಗೆವರೆಗೂ ಯಾರೂ ಇಲ್ಲಿಗೆ ಬರೋಕಾಗಲ್ಲ."

ಹೆಲಿಕಾಪ್ಟರ್ ಮೇಲೆದ್ದು ಗುಡ್ಡದ ತಿರುವಿನಲ್ಲಿ ಮರೆಯಾಯಿತು. ಸೆಲ್ವಿನ್ ಮೆಟ್ಟಿಲ ಮೇಲೆ ಕುಸಿದು ಕೂತ. ಭಾವ ಬದುಕಿರಲಿ ಎಂದು ಬೇಡಿಕೊಂಡ. ಮರುಗಳಿಗೆ, ಬದುಕಿ ನಗುನಗುತ್ತಾ ಜಿಂಕೆ ಹೊತ್ತುಕೊಂಡು ಬಂದರೆ ತನ್ನ ಗತಿಯೇನು ಅನ್ನಿಸಿತು. ಹಾಗಾದರೆ ಚೂರು ಪೆಟ್ಟಾಗಿರಲಿ ಎಂದುಕೊಂಡ. ಕಾಲಿಗೋ ಕೈಗೋ. ತಕ್ಷಣ ತನ್ನ ಆಸೆಗೆ ತಾನೇ ಹೆದರಿ, "ಬೇಡ, ಬೇಡ, ಏನೂ ಆಗಿರೋದು ಬೇಡ" ಎಂದು ಗಟ್ಟಿಯಾಗಿ ಹೇಳಿದ. ಕೇಳಿಸಿಕೊಂಡದ್ದು ನೊರಜುಗಳು ಮಾತ್ರ.

ಇಪ್ಪತ್ತೈದು ನಿಮಿಷವಾಯಿತು. ಮೋಡ ಎದುರು ಗುಡ್ಡದ ಅರ್ಧಕ್ಕೆ ಇಳಿಯಿತು. ಸದ್ದು ಮೊದಲು ಕೇಳಿತು, ಆಮೇಲೆ ಮೋಡದ ಅಂಚಿನಿಂದ ಹೆಲಿಕಾಪ್ಟರ್ ಹೊರಬಂತು. ಅದರ ಹೊಟ್ಟೆಯ ಕೆಳಗೆ ಉದ್ದನೆಯ ಹಗ್ಗ, ಹಗ್ಗದ ತುದಿಯಲ್ಲಿ ಇಬ್ಬರು. ಒಬ್ಬ ಕೆಂಪು ಹೆಲ್ಮೆಟ್ಟಿನವನು. ಇನ್ನೊಬ್ಬನ ಒಂದು ಬೂಟು ತಿರುಗಬಾರದ ದಿಕ್ಕಿಗೆ ತಿರುಗಿತ್ತು.

ಗಾರ್ತ್‌ನನ್ನು ಹುಲ್ಲಿನ ಮೇಲೆ ಇಳಿಸಿದರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮಧ್ಯಾಹ್ನವೇ ಕಾಲು ಜಾರಿ, ಅಬ್ಬಿಯ ಮೇಲಿನ ಹಾಸುಗಲ್ಲಿಗೆ ಬಿದ್ದು ಕಾಲಿನ ಮೂಳೆ ಮುರಿದುಕೊಂಡಿದ್ದ. ಮೇಲೆ ಹತ್ತುವಂತಿಲ್ಲ, ಕೆಳಗೆ ಎಂಬತ್ತು ಅಡಿ. ಒದ್ದೆ ಬಟ್ಟೆ. ರಾತ್ರಿ ಕಳೆದಿದ್ದರೆ ಉಳಿಯುತ್ತಿರಲಿಲ್ಲ ಎಂದು ಹೆಲ್ಮೆಟ್ಟಿನವನು ಮೆಲ್ಲಗೆ ಸೆಲ್ವಿನ್‌ಗೆ ಹೇಳಿ, ಅವನ ಹೆಗಲ ಮೇಲೆ ಕೈಯಿಟ್ಟ.

"ಐದರವರೆಗೆ ಕಾದಿದ್ರೆ ನಾವು ಬರೋಕೇ ಆಗ್ತಿರಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು ಸರ್?"

ಗಾರ್ತ್ ಸ್ಟ್ರೆಚರಿನಿಂದಲೇ ಕತ್ತು ತಿರುಗಿಸಿ ನೋಡುತ್ತಿದ್ದ.

"ಅದು… ಹಾಗೇ," ಅಂದ ಸೆಲ್ವಿನ್.

ಆ "ಹಾಗೇ" ಅವರಿಗಿಂತ ಮೊದಲೇ ಊರು ಮುಟ್ಟಿತು. ಸೋಮವಾರ ಬೆಳಗಾಗುವಷ್ಟರಲ್ಲಿ ಬಾರ್ಟ್ಲೆಟ್‌ರ ಅಡುಗೆಮನೆಯಲ್ಲಿ ನೆರೆಯವರು ತಂದಿಟ್ಟ ಏಳು ಮಾಂಸದ ಪೈ, ನಾಲ್ಕು ತಟ್ಟೆ ಸ್ಕೋನು ಬನ್ನು. ಪಕ್ಕದ ಮನೆಯ ಆಯ್ಲೀನ್ ಫಿಂಚ್ ಬೇಲಿಯ ಮೇಲಿಂದ, "ನನಗೆ ಮೊದಲೇ ಗೊತ್ತಿತ್ತು. ಇವನು ಕಸದ ಡಬ್ಬಿ ಹೊರಗಿಡೋವಾಗ ನಿಂತು ಗಾಳಿ ಮೂಸ್ತಾನೆ, ನೋಡಿದ್ದೀನಿ" ಎಂದು ಬೀದಿಗೆಲ್ಲ ಸಾರಿದಳು. ಗಡ್ಡದವರಿಬ್ಬರೂ ಲೈಬ್ರರಿಗೆ ಬಂದು ಟೋಪಿ ತೆಗೆದು ನಿಂತರು. ಮೆರಿಯಾನಾ ಆಂಟಿಯ ಅಂಗಡಿಯಲ್ಲಿ ಹಸಿರು ಪಟ್ಟಿಯ ಗಡಿಯಾರ ಒಂದೂ ಉಳಿಯಲಿಲ್ಲ. ಜಿಂಕೆ ಬೇಟೆಗಾರರ ಸಂಘದವರು "ಕಾಡಿನ ಒಳದನಿ" ಎಂಬ ವಿಷಯದ ಮೇಲೆ ಮಾತಾಡಬೇಕೆಂದು ಕರೆದರು.

ನೊಯೆಲೀನ್ ಗಂಡನ ತಟ್ಟೆಗೆ ಪೈ ಬಡಿಸಿ, ಅವನು ತಿನ್ನುವುದನ್ನೇ ನೋಡುತ್ತಾ ಕೂತಳು. ಇಪ್ಪತ್ತನಾಲ್ಕು ವರ್ಷದಲ್ಲಿ ಅವಳು ಹಾಗೆ ನೋಡಿದ್ದು ಅದೇ ಮೊದಲು. ಸೆಲ್ವಿನ್ ಅರ್ಧ ಪೈ ತಟ್ಟೆಯಲ್ಲೇ ಬಿಟ್ಟು ಎದ್ದ.

ಮಂಗಳವಾರ ಪೊಲೀಸ್ ಕಾನ್ಸ್‌ಟೇಬಲ್ ಪೌಲಾ ಹೇನರೆ ವರದಿಯ ಹಾಳೆ ಹಿಡಿದು ಬಂದಳು. "ಒಂದೇ ಒಂದು ಖಾನೆ ಬಾಕಿ ಇದೆ. ಹೇಳಿದ ಹೊತ್ತಿಗಿಂತ ಎರಡು ಗಂಟೆ ಮೊದಲೇ ಒತ್ತಿದ್ದಕ್ಕೆ ಕಾರಣ."

ಸೆಲ್ವಿನ್ ಬಾಗಿಲು ಮುಚ್ಚಿ ಬಂದ. ಇನ್ನು ಮುಚ್ಚಿಡಲು ಆಗುವುದಿಲ್ಲ ಅನ್ನಿಸಿತ್ತು. ಎಲ್ಲವನ್ನೂ ಹೇಳಿದ. ಗುಬ್ಬಿ, ಇಕ್ಕಳ, ಎರಡು ಆಲೂಗಡ್ಡೆ, ಸಾರು ಉಕ್ಕಿದ್ದು. ಮೇಜಿನ ಮೇಲೆ ಸ್ಕೋನುಗಳನ್ನಿಟ್ಟು ತೋರಿಸಿಯೂ ಕೊಟ್ಟ. ಪೌಲಾ ಪೆನ್ನು ಹಿಡಿದು ಅಲ್ಲಾಡದೆ ಕೇಳಿದಳು. ಕೊನೆಗೆ ಒಂದು ಸ್ಕೋನು ತೆಗೆದು ಕಚ್ಚಿದಳು.

"ಇದನ್ನ ನಾನು ಬರೆಯಲ್ಲ."

"ನಿಜ ಇದೇ!"

"ಇರಬಹುದು. ಆದರೆ ಆಲೂಗಡ್ಡೆ ಅಂತ ಬರೆದ್ರೆ, ಮೇಲಿನೋರು ನಾನು ಕುಡಿದು ಬರೆದಿದ್ದೀನಿ ಅಂತಾರೆ." ಬರೆಯುತ್ತಾ ಗಟ್ಟಿಯಾಗಿ ಓದಿದಳು. "'ಹವಾಮಾನ ಗಮನಿಸಿ.' ಸಹಿ ಹಾಕು."

ಬುಧವಾರ ಸೆಲ್ವಿನ್ ಒಂದೂವರೆ ಗಂಟೆ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಹೋದ. ಗಾರ್ತ್‌ನ ಕಾಲು ಕಂಬಿಯಿಂದ ತೂಗುತ್ತಿತ್ತು. ಕೂತುಕೊಳ್ಳದೆಯೇ ಸೆಲ್ವಿನ್ ಶುರು ಮಾಡಿದ. "ನಾನೊಂದು ಹೇಳಬೇಕು. ನನಗೆ ಯಾವ ಒಳದನಿಯೂ ಕೇಳಲಿಲ್ಲ. ಗಡಿಯಾರದ ಲೆಕ್ಕ ತಪ್ಪಿತು. ಕಳೆಯೋ ಬದಲು ಕೂಡಿಸಿದೆ."

ಗಾರ್ತ್ ಕಣ್ಣನ್ನು ಸೂರಿನ ಕಡೆ ತಿರುಗಿಸಿದ.

"ಅಲ್ಲಿ ಬಿದ್ದಿದ್ದಾಗ," ಅಂದ, "ಎರಡೂವರೆಗೆ ಮೋಡ ಇಳಿಯೋದು ಕಾಣಿಸ್ತು. ಲೆಕ್ಕ ಹಾಕಿದೆ. ಇವನು ಐದರವರೆಗೆ ಒತ್ತಲ್ಲ, ನಾನೇ ಬೇಡ ಅಂದಿದ್ದೀನಿ. ಅಷ್ಟೊತ್ತಿಗೆ ಎಲ್ಲ ಮುಚ್ಚಿರುತ್ತೆ. ನಾಲ್ಕು ಸಲ ಲೆಕ್ಕ ಹಾಕಿದೆ ಸೆಲ್ವಿನ್. ನಾಲ್ಕು ಸಲವೂ ಸತ್ತೆ." ತೂಗುಬಿದ್ದ ತನ್ನ ಕಾಲನ್ನು ನೋಡಿಕೊಂಡ. "ನನ್ನ ಲೆಕ್ಕ ಸರಿಯಾಗೇ ಇತ್ತು. ನಿನಗೂ ಸರಿಯಾಗಿ ಬಂದಿದ್ರೆ ನಾನು ಇಲ್ಲಿರ್ತಿರಲಿಲ್ಲ."

ಗಾರ್ತ್ ಕೈ ಚಾಚಿ ಸೆಲ್ವಿನ್‌ನ ಕೈ ಹಿಡಿದ. ಆಮೇಲೆ ಹಿಡಿದದ್ದು ಗೊತ್ತಾಗಿ, ನೀರಿನ ಲೋಟ ಕೇಳಲು ಹಿಡಿದವನಂತೆ ನಟಿಸಿದ. ಸೆಲ್ವಿನ್ ಲೋಟ ಕೊಟ್ಟ.

ಆಗ ಒಳಗೆ ಬಂದ ನರ್ಸು ಜ್ವರ ನೋಡುತ್ತಾ, "ಓಹೋ, ಇವರೇನಾ ಅವರು! ಭಾರಿ ಬೇಟೆಗಾರರಂತೆ. ಇದುವರೆಗೆ ಎಷ್ಟು ಜಿಂಕೆ ಹೊಡೆದಿದ್ದೀರಿ?" ಎಂದು ಕೇಳಿದಳು.

ಸೆಲ್ವಿನ್ ಒಂದು ದೀರ್ಘ ಉಸಿರೆಳೆದುಕೊಂಡ. "ಒಂದೂ ಇಲ್ಲ. ಕೋವಿ ಹಾರಿಸಿದವನೇ ಅಲ್ಲ ನಾನು. ಎಲ್ಲ ಪುಸ್ತಕ ಓದಿ ಹೇಳಿದ್ದು."

ನರ್ಸು ಗಾರ್ತ್‌ನ ಕಡೆ ತಿರುಗಿ ಮೆಚ್ಚುಗೆಯಿಂದ ತಲೆಯಾಡಿಸಿದಳು. "ನೋಡಿ, ನಿಜವಾಗಿ ಹೊಡೆದೋರು ಹೀಗೇ. ಒಂದು ಮಾತು ಹೇಳಿಕೊಳ್ಳಲ್ಲ."